ಪೈನ್ ಮರಗಳಿಗೆ ಕಟ್ಟಿದ ಮನೆ

ಪಟ್ಟಣ, ೧೯ ಆಗಸ್ಟ್ ೧೯೯೦

ಪ್ರೀತಿಯ ತೌನೋ ಅಣ್ಣನಿಗೆ,

ಕ್ರಿಸ್‌ಮಸ್ ಕಾರ್ಡು ಬಿಟ್ಟರೆ ನನ್ನಿಂದ ನಿನಗೆ ಏನೂ ಬರುವುದಿಲ್ಲ. ಆಗಸ್ಟಿನಲ್ಲಿ ಲಕೋಟೆ ಕಂಡು ಯಾರೋ ಸತ್ತರೆಂದುಕೊಂಡಿರುತ್ತೀಯ. ಯಾರೂ ಸತ್ತಿಲ್ಲ. ಫೋನ್ ಮಾಡಬಹುದಿತ್ತು, ಆದರೆ ಫೋನಿನಲ್ಲಿ ನಮ್ಮ ಮಾತು ಹೇಗಿರುತ್ತದೆಂದು ಗೊತ್ತಲ್ಲ. ನೀನು "ಹೂಂ" ಅನ್ನುತ್ತೀಯ, ನಾನು "ಹೂಂ" ಅನ್ನುತ್ತೇನೆ, ಆಮೇಲೆ ಅಮ್ಮ ಕಸಿದುಕೊಂಡು ಅರ್ಧ ಗಂಟೆ ಮಾತಾಡುತ್ತಾಳೆ.

ನೇರವಾಗಿ ಕೇಳಿಬಿಡುತ್ತೇನೆ. ಅಪ್ಪ ಹೊಲ ಕಾಡು ಎಲ್ಲವನ್ನೂ ನಿನ್ನ ಹೆಸರಿಗೆ ಬರೆದಾಗ, "ಐಲಾ ಮನೆ ಕಟ್ಟುವಾಗ ಪೈನ್ ಮರ ಕೊಡಬೇಕು" ಅಂದಿದ್ದ. ಈಗ ನನಗೆ ನಾಲ್ಕು ಮರ ಬೇಕು. ದಿಬ್ಬದ ಮೇಲಿನ ಒಳ್ಳೆಯ ಮರಗಳಲ್ಲ, ಜೌಗಿನ ಅಂಚಿನಲ್ಲಿ ಕುಳ್ಳಗೆ ನಿಂತಿವೆಯಲ್ಲ, ಅವು. ಕಡಿಯುವುದಕ್ಕಲ್ಲ. ಇದ್ದಲ್ಲೇ ಇರಲಿ. ಮನೆ ಕಟ್ಟುವುದು ನಿಜ, ಆದರೆ ನನಗಲ್ಲ, ಆ ಮರಗಳಿಗೆ.

ನಾನು ಇಷ್ಟು ವರ್ಷ ಏನು ಮಾಡುತ್ತಿದ್ದೇನೆಂದು ನೀನು ಕೇಳಿಲ್ಲ, ನಾನೂ ಹೇಳಿಲ್ಲ. ಪೈನ್ ಮರ ಶರತ್ಕಾಲದಲ್ಲಿ ನಿದ್ದೆಗೆ ಬೀಳುತ್ತದೆ. ಸಾಕಷ್ಟು ಚಳಿ ಉಂಡ ಮೇಲೆ ಅದರ ನಿದ್ದೆ ಹಗುರಾಗುತ್ತದೆ. ಅಲ್ಲಿಂದಾಚೆ ಬೆಚ್ಚಗಾದಷ್ಟೂ ಮೊಗ್ಗು ಉಬ್ಬುತ್ತ ಹೋಗುತ್ತದೆ. ನಮ್ಮಲ್ಲಿ ಕ್ರಿಸ್‌ಮಸ್ ಹೊತ್ತಿಗೇ ಮರಕ್ಕೆ ಬೇಕಾದ ಚಳಿ ಮುಗಿದಿರುತ್ತದೆ. ಆಮೇಲೆ ಅದನ್ನು ಮಲಗಿಸಿಟ್ಟಿರುವುದು ಹೊರಗಿನ ಹಿಮ ಮಾತ್ರ. ಈಗ ಭೂಮಿಯ ಗಾಳಿಯೇ ಬಿಸಿಯಾಗುತ್ತಿದೆ. ಮುಂದೊಂದು ಕಾಲಕ್ಕೆ ನಮ್ಮ ಜನವರಿ ಬೆಚ್ಚಗಾದರೆ ಮರ ವಸಂತ ಬಂತೆಂದು ನಂಬಿ, ಚಳಿ ತಾಳುವ ಶಕ್ತಿಯನ್ನು ಅಂಗಿಯಂತೆ ಕಳಚಿಟ್ಟು, ಮೊಗ್ಗು ಬಿಡಿಸುತ್ತದೆ. ಹಿಂದೆಯೇ ಏಪ್ರಿಲಿನ ಕಡುಚಳಿ ಬರುತ್ತದೆ. ನನ್ನ ಲೆಕ್ಕದ ಪ್ರಕಾರ ನಡುನಾಡಿನ ಪೈನ್ ಕಾಡು ಆ ಹೊಡೆತ ತಾಳುವುದಿಲ್ಲ. ಪತ್ರಿಕೆಯವರು ಆಗಲೇ ಇದನ್ನು ದೊಡ್ಡ ಅಕ್ಷರದಲ್ಲಿ ಹಾಕಿದ್ದಾರೆ.

ಆದರೆ ಈ ಲೆಕ್ಕವೆಲ್ಲ ಕುಂಡದ ಸಸಿಗಳಿಂದ ಕಟ್ಟಿದ್ದು. ನೆಲದಲ್ಲಿ ಬೇರುಬಿಟ್ಟ ಮರವನ್ನು ಯಾರೂ ಇನ್ನೂ ಕೇಳಿಲ್ಲ. ಅದಕ್ಕೇ ನಾಲ್ಕು ಮರದ ಸುತ್ತ ಪಾರದರ್ಶಕ ಗೋಡೆ ಕಟ್ಟಿ, ಚಳಿಗಾಲವಿಡೀ ಒಳಗೆ ಬೆಚ್ಚಗಿಡಬೇಕು.

ನನ್ನ ಲೆಕ್ಕ ಸರಿಯಿದ್ದರೆ ಅವು ಸಾಯುತ್ತವೆ. ಅದನ್ನು ಮುಚ್ಚಿಟ್ಟು ಕೇಳುವುದಿಲ್ಲ.

ಐಲಾ


ಕೊರ್ಪಿವಾರಾ, ೨ ಸೆಪ್ಟೆಂಬರ್ ೧೯೯೦

ಐಲಾ,

ಪತ್ರ ಬಂತು. ಹಾಲು ಕರೆದು ಬಂದು ಓದಿದೆ, ಊಟವಾದ ಮೇಲೆ ಮತ್ತೆ ಓದಿದೆ. "ಏನಂತೆ ನಿಮ್ಮ ತಂಗಿ?" ಅಂದಳು ಹೆಲ್ವಿ. "ಮರಕ್ಕೆ ಮನೆ ಕಟ್ತಾಳಂತೆ" ಅಂದೆ. ನನ್ನ ಹೆಂಡತಿ ನಗುವುದು ಎಷ್ಟು ಅಪರೂಪವೆಂದು ನಿನಗೆ ಗೊತ್ತು. ನಕ್ಕಳು.

ನನಗೆ ನಗು ಬರಲಿಲ್ಲ. ನೀನು ಕೇಳಿರುವ ಕುಳ್ಳ ಮರಗಳ ವಿಷಯ ನಿನಗೆ ಗೊತ್ತಿಲ್ಲ, ಆಗ ನೀನು ಹುಟ್ಟಿರಲಿಲ್ಲ. ಯುದ್ಧದಲ್ಲಿ ಗಡಿಯಾಚೆಯ ನಮ್ಮೂರು ಎರಡನೆಯ ಸಲವೂ ಕೈತಪ್ಪಿ, ಸರ್ಕಾರ ನಮಗೆ ಈ ಕಲ್ಲುನೆಲ ಕೊಟ್ಟ ಮೇಲೆ ಬಂದ ಮೊದಲ ವಸಂತದಲ್ಲಿ ಅಪ್ಪ ಪೈನ್ ಸಸಿ ನೆಡಲು ಹೊರಟ. ನನಗೂ ಒಂದು ಹಿಡಿ ಕೊಟ್ಟ. ಎಲ್ಲರೂ ದಿಬ್ಬದ ಮೇಲೆ ನೆಟ್ಟರೆ ನಾನು ಮಣ್ಣು ಮೆತ್ತಗಿದೆಯೆಂದು ಜೌಗಿನ ಅಂಚಿನಲ್ಲಿ ನೆಟ್ಟೆ. "ಅಲ್ಲಿ ಬದುಕಲ್ಲ ಕಣೋ ಮಗಾ" ಅಂದ ಅಪ್ಪ. ಆದರೆ ಕೀಳಲಿಲ್ಲ. ತಣ್ಣೀರಿನಲ್ಲಿ ಕಾಲಿಟ್ಟುಕೊಂಡೇ ಅವು ಇಷ್ಟು ವರ್ಷ ನಿಂತಿವೆ. ಹಲಗೆಯಾಗಲು ಲಾಯಕ್ಕಿಲ್ಲ. ಆದರೂ ನನ್ನವು.

ನಿನ್ನ ಪತ್ರವನ್ನು ಅಮ್ಮನಿಗೆ ಓದಿ ಹೇಳಿದ್ದು ತಪ್ಪಾಯಿತು.

"ಕೊಡೋ ಅವಳಿಗೆ" ಅಂದಳು.

"ಸಾಯ್ತಾವಂತೆ ಅಮ್ಮ. ಅವಳೇ ಬರ್ದಿದಾಳೆ."

"ಅವಳಿಗೇನು ಗೊತ್ತು? ಮರಾನ ಇನ್ನೂ ಕೇಳೇ ಇಲ್ಲ ಅಂತಾನೂ ಬರ್ದಿದಾಳಲ್ಲ. ಕೇಳ್ಲಿ."

"ಕೇಳೋಕೆ ಕೊಲ್ಲಬೇಕಾ?"

"ತೌನೋ, ನಮ್ಮನ್ನೂ ಎರಡು ಸಲ ಬುಡಸಮೇತ ಕಿತ್ತು ಚಳೀಗೆ ಬಿಸಾಕಿದ್ರು. ನಾನು ಸತ್ನಾ?"

ಇದಕ್ಕೆ ಉತ್ತರ ನಿನಗೆ ತೋಚಿದರೆ ಬರೆ.

ಆಗಲಿ ಅಂತ ನಾನು ಹೇಳುತ್ತಿಲ್ಲ. ಬಂದು ಮರದ ಮುಂದೆ ನಿಂತು ಕೇಳು. ಬರುವಾಗ ಅಮ್ಮನಿಗೆ ಕಾಫಿಪುಡಿ ತಾ. ಇಲ್ಲಿಯದು ಹುಲ್ಲಿನ ಹಾಗಿದೆಯಂತೆ.

ತೌನೋ


ಪಟ್ಟಣ, ೨೫ ನವೆಂಬರ್ ೧೯೯೦

ಪ್ರೀತಿಯ ಅಣ್ಣ,

ಮರದ ಮನೆ ಕಟ್ಟಿ ಮುಗಿಸಿ ಹೊರಟವಳು ಸುಖವಾಗಿ ತಲುಪಿದೆ. ಬಸ್ಸಿನಲ್ಲಿ ಅಮ್ಮ ಕಟ್ಟಿಕೊಟ್ಟ ರೈ ಹಿಟ್ಟಿನ ಕಡುಬುಗಳನ್ನು ಡ್ರೈವರಿಗೂ ಕೊಟ್ಟೆ.

ಸೆಪ್ಟೆಂಬರಿನಲ್ಲಿ ನಾನು ಆ ಮರಗಳ ಮುಂದೆ ನಿಂತು ಕೇಳಿದಾಗ ನೀನು ಒಳಗೆ ಹೋಗಿ ಕೊಡಲಿ ತಂದು ಸುತ್ತಲಿನ ಪೊದೆ ಸವರತೊಡಗಿದೆ. ಅದೇ ಒಪ್ಪಿಗೆಯೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಆಗ ಹೇಳದ ಥ್ಯಾಂಕ್ಸ್ ಈಗ ಹೇಳುತ್ತಿದ್ದೇನೆ.

ಮನೆ ಚೆನ್ನಾಗಿ ನಿಂತಿದೆ. ಸಂಜೆ ದೀಪ ಹಾಕಿದಾಗ ಹಿಮದ ನಡುವೆ ಲಾಟೀನು ಇಟ್ಟ ಹಾಗೆ ಕಾಣುತ್ತದೆಂದು ವಿಶ್ವವಿದ್ಯಾಲಯದ ನಮ್ಮ ವಿಭಾಗದವರಿಗೆಲ್ಲ ಹೇಳಿದೆ. ಡಿಸೆಂಬರ್ ಮೊದಲ ದಿನದಿಂದ ಹೀಟರ್ ಹಾಕು. ಒಳಗೆ ಹೊರಗಿಗಿಂತ ಬೆಚ್ಚಗಿರಬೇಕು, ನಡುಮನೆಯ ಸೆಕೆ ಬೇಡ. ಪಕ್ಕದ ಬಯಲಲ್ಲಿರುವ ಮರಗಳನ್ನು ಹಾಗೇ ಬಿಡು, ಹೋಲಿಸಿ ನೋಡಲು ಬೇಕು. ಭಾನುವಾರ ಭಾನುವಾರ ಒಂದೊಂದು ಮೊಗ್ಗು ಕಿತ್ತು ಉದ್ದಕ್ಕೆ ಸೀಳಿ ನೋಡು. ಒಳಗೆ ಹಸಿರಿದ್ದರೆ ಜೀವವಿದೆ. ಕಂದಾಗಿದ್ದರೆ ಹೋಯಿತು.

ನನ್ನ ಲೆಕ್ಕ ನಿಜವಾದರೆ ಮಾರ್ಚಿನಲ್ಲೇ ಮೊಗ್ಗು ಬಿರಿಯಬೇಕು.

ಐಲಾ


ಕೊರ್ಪಿವಾರಾ, ೧೦ ಫೆಬ್ರವರಿ ೧೯೯೧

ಐಲಾ,

ಎಲ್ಲ ಹಸಿರು. ಒಳಗಿನವೂ, ಹೊರಗಿನವೂ.

ಊರಿಗೆಲ್ಲ ಈಗ ನಾವೇ ತಮಾಷೆ. ಪಕ್ಕದ ಹೊಲದ ಪೆಕ್ಕರಿನೆನ್ ಪ್ರತಿ ಶನಿವಾರ ಬಂದು ಬೇಲಿಯಾಚೆ ನಿಲ್ಲುತ್ತಾನೆ. "ಏನಪ್ಪಾ ತೌನೋ, ಮರಕ್ಕೆ ಸೌನಾ ಕಾಯಿಸಿದ್ಯಾ? ಬೆನ್ನು ಉಜ್ಜೋರು ಯಾರು, ನೀನೋ ಹೆಲ್ವೀನೋ?" ಅನ್ನುತ್ತಾನೆ. ನಿನ್ನ ಹೀಟರಿನ ಬಿಸಿಗೆ ಸೌನಾದ ಉಗಿಕೋಣೆಯಲ್ಲಿ ಒಬ್ಬ ಗಂಡಸೂ ಬೆವರುವುದಿಲ್ಲವೆಂದು ಹೇಳಿ ಕಳಿಸಿದೆ.

ಒಂದು ದೂರು ಇದೆ. ಅಮ್ಮ ಹೆಣಿಗೆ ಹಿಡಿದು ಮರದ ಮನೆಯೊಳಗೆ ಹೋಗಿ ಕೂರುತ್ತಾಳೆ. "ಅಡುಗೆಮನೇಗಿಂತ ಇಲ್ಲೇ ಚೆನ್ನಾಗಿದೆ, ಮಾತಿಗೆ ಎದುರು ಮಾತಾಡೋರಿಲ್ಲ" ಅನ್ನುತ್ತಾಳೆ. ಅವಳ ಮೈಶಾಖದಿಂದ ನಿನ್ನ ಲೆಕ್ಕ ಕೆಡುತ್ತದೆ ಅಂದೆ. "ಹಾಗಿದ್ರೆ ನನ್ನನ್ನೂ ಲೆಕ್ಕಕ್ಕೆ ಸೇರಿಸ್ಕೊಳ್ಲಿ" ಅಂದಳು.

ತಮಾಷೆಯಲ್ಲದ್ದೂ ಒಂದಿದೆ. ಪೆಕ್ಕರಿನೆನ್ ನಿನ್ನ ಲೆಕ್ಕ ಅಚ್ಚಾಗಿದ್ದ ಆ ಪತ್ರಿಕೆಯನ್ನು ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದಾನೆ. ಅವನ ಎಳೆ ಪೈನ್ ತೋಪನ್ನು ಬರುವ ಚಳಿಗಾಲಕ್ಕೆ ಕಡಿಸಿಬಿಡುತ್ತಾನಂತೆ. "ಸಾಯೋ ಮರ ಯಾಕೆ ಸಾಕ್ಲಿ? ನಿನ್ನ ತಂಗಿ ಓದಿದೋಳು, ಸುಳ್ಳು ಹೇಳ್ತಾಳಾ?" ಅಂದ. ಅವನೊಬ್ಬನೇ ಅಲ್ಲ, ಸೊಸೈಟಿಯಲ್ಲಿ ಇನ್ನೂ ಇಬ್ಬರು ಅದೇ ಮಾತಾಡುತ್ತಿದ್ದರು. ನಿನಗೆ ತಿಳಿದಿರಲಿ ಅಂತ ಬರೆದೆ.

ತೌನೋ


ಪಟ್ಟಣ, ೧೪ ಏಪ್ರಿಲ್ ೧೯೯೧

ಪ್ರೀತಿಯ ಅಣ್ಣ,

ನೀನು ಅಂಚೆಯಲ್ಲಿ ಕಳಿಸಿದ ಮೊಗ್ಗುಗಳನ್ನು ನೋಡಿದೆ. ಹೊರಗಿನ ಮರದ್ದು ಗಟ್ಟಿ, ಚಿಕ್ಕದು, ಮೇಣ ಬಳಿದಂತೆ ಮುಚ್ಚಿಕೊಂಡಿದೆ. ಒಳಗಿನ ಮರದ್ದು ಉಬ್ಬಿ, ತುದಿ ತೆಳುಹಸಿರಾಗಿದೆ. ನನ್ನ ಲೆಕ್ಕದಲ್ಲಿ ಮಾರ್ಚಿಗೇ ಬಿರಿಯಬೇಕಿತ್ತು, ಬಿರಿಯಲಿಲ್ಲ. ಆದರೂ ಹೊರಗಿನವಕ್ಕಿಂತ ಸುಮಾರು ಒಂದು ತಿಂಗಳು ಮುಂದಿವೆ. ಎದ್ದಿವೆ ಅನ್ನುವುದರಲ್ಲಿ ಅನುಮಾನವಿಲ್ಲ.

ಇನ್ನು ಉಳಿದಿರುವುದು ಒಂದೇ ಕೆಲಸ, ಅದನ್ನು ಹೇಳಲು ಮೂರು ಹಾಳೆ ಹರಿದು ಹಾಕಿದೆ. ಆಕಾಶ ಶುಭ್ರವಾಗಿ ಕಡುಚಳಿ ಬೀಳುವ ಸಂಜೆ ಹೀಟರ್ ಆರಿಸಿ ಮೇಲಿನ ಹೊದಿಕೆ ತೆಗೆಯಬೇಕು. ನಾನೇ ಬಂದು ಮಾಡಬೇಕೆಂದಿದ್ದೆ. ನಾಳೆ ಪಾಠ ಹೇಳಲು ಸ್ವೀಡನ್ನಿಗೆ ಹೊರಡಬೇಕಾಗಿದೆ, ಮೇ ಬರುವವರೆಗೆ ಬಿಡುವಿಲ್ಲ. ಕಡುಚಳಿ ನನಗಾಗಿ ಕಾಯುವುದಿಲ್ಲ.

ನಿನ್ನ ಕೈಯಿಂದ ನಿನ್ನ ಮರಗಳಿಗೆ ಇದನ್ನು ಮಾಡು ಅನ್ನುತ್ತಿದ್ದೇನೆ. ಬೇಡವೆನಿಸಿದರೆ ಬೇಡ. ಹೀಟರ್ ಹಾಗೇ ಉರಿಯಲಿ, ಮೇನಲ್ಲಿ ಬಂದು ಎಲ್ಲವನ್ನೂ ಬಿಚ್ಚಿಕೊಂಡು ಹೋಗುತ್ತೇನೆ. ಯಾಕೆಂದು ನಾನು ಕೇಳುವುದಿಲ್ಲ.

ಐಲಾ


ಕೊರ್ಪಿವಾರಾ, ೨೬ ಮೇ ೧೯೯೧

ಐಲಾ,

ತಿಂಗಳು ಕಳೆದರೂ ಬರೆಯಲಿಲ್ಲವೆಂದು ಸಿಟ್ಟಾಗಬೇಡ. ಪೂರ್ತಿ ಗೊತ್ತಾಗದೆ ಬರೆಯಬಾರದೆಂದು ತಡೆದೆ.

ಏಪ್ರಿಲ್ ಕೊನೆಯ ವಾರ ಉತ್ತರದ ಗಾಳಿ ನಿಂತಿತು. ಕೆರೆಯ ಮೇಲೆ ಸಂಜೆ ಆಕಾಶ ಹಳದಿಯಾಗಿ ಒಂದು ಮೋಡವೂ ಇರಲಿಲ್ಲ. ಕೊಟ್ಟಿಗೆಯಿಂದ ಬರುವಾಗ ಮೂಗಿನ ಕೂದಲು ಚಳಿಗೆ ಹೆಪ್ಪುಗಟ್ಟಿ ಅಂಟಿಕೊಂಡಿತು. ಇವತ್ತೇ ಅಂತ ಗೊತ್ತಾಯಿತು. ಅಮ್ಮ ಶಾಲು ಹೊದ್ದು ಹಿಂದೆಯೇ ಬಂದಳು. ನಾನು ಏಣಿ ಹತ್ತಿ ಹೊದಿಕೆ ಬಿಚ್ಚಿದೆ. ಆಮೇಲೆ ಸ್ವಿಚ್ಚಿನ ಹತ್ತಿರ ನಿಂತೆ.

"ಆರ್ಸ್ತೀಯೋ, ನಾನು ಆರ್ಸ್ಲೋ?" ಅಂದಳು ಅಮ್ಮ.

"ನನ್ನ ಮರ, ನಾನೇ ಆರಿಸ್ತೀನಿ."

ಆರಿಸಿದೆ. ಫ್ಯಾನಿನ ಸದ್ದು ನಿಂತಿತು. ಅಮ್ಮ ಒಂದು ಮರದ ತೊಗಟೆ ಮುಟ್ಟಿ, "ತಡ್ಕೊಳ್ರಪ್ಪಾ" ಅಂದಳು, ದನಗಳಿಗೆ ಹೇಳುವ ಹಾಗೆ.

ಬೆಳಿಗ್ಗೆ ಹೋದಾಗ ಮೊಗ್ಗಿನ ಮೇಲೆಲ್ಲ ಬಿಳಿ ಹರಳು ಕೂತಿತ್ತು. ಕೊಟ್ಟಿಗೆಯ ಹೊರಗಿಟ್ಟ ಬಕೆಟ್ಟಿನ ನೀರು ತಳದವರೆಗೆ ಕಲ್ಲಾಗಿತ್ತು. ಮರುದಿನವೂ ಅದೇ ಚಳಿ. ನಾನು ಚಾಕು ಹಿಡಿದು ಹೋಗಿ, ಸೀಳದೆ ವಾಪಸು ಬಂದೆ. ಮೂರನೆಯ ದಿನ ಹೆಲ್ವಿ ಚಾಕು ಕಸಿದುಕೊಂಡು ತಾನೇ ಹೋದಳು. ಅಡುಗೆಮನೆಗೆ ಬಂದು ಅಂಗೈ ಚಾಚಿದಳು.

ಹಸಿರು. ಐಲಾ, ಹಸಿರು!

ಒಂದು ಮರದ ಮೇಲ್ತುದಿಯ ಕೆಲವು ಮೊಗ್ಗು ಕಂದಾಗಿ ಉದುರಿದವು, ಅದನ್ನೂ ಹೇಳಬೇಕು. ಉಳಿದವೆಲ್ಲ ಈಗ ಬಿರಿದಿವೆ. ಹೊಸ ಚಿಗುರು ಮೊಂಬತ್ತಿಗಳ ಹಾಗೆ ನೆಟ್ಟಗೆ ಎದ್ದು ನಿಂತಿವೆ. ಹೊರಗಿನ ಮರಗಳು ಇನ್ನೂ ಕಣ್ಣುಜ್ಜಿಕೊಳ್ಳುತ್ತಿವೆ. ನಿನ್ನ ಲೆಕ್ಕ ಸೋತಿತು, ನನ್ನ ಕುಳ್ಳರು ಗೆದ್ದರು. ಹಸಿರು ಕಂಡ ದಿನ ಸಂಜೆ ಪೆಕ್ಕರಿನೆನ್‌ನನ್ನು ನಾನೇ ಕರೆದು ಕಾಫಿ ಕೊಟ್ಟೆ.

ಇಷ್ಟು ಬರೆದ ಮೇಲೆ, ಇದರಿಂದ ನಿನಗೇನಾದರೂ ತೊಂದರೆಯಾಗುತ್ತದೆಯೇ ಎಂಬ ಯೋಚನೆ ಬಂತು. ಆಗುತ್ತದೆಯೇ?

ತೌನೋ


ಪಟ್ಟಣ, ೯ ಜೂನ್ ೧೯೯೧

ಪ್ರೀತಿಯ ಅಣ್ಣ,

ನಿನ್ನ ಪತ್ರ ಓದಿ ನಿನ್ನ ಮರಗಳಿಗಾಗಿ ಖುಷಿಪಟ್ಟೆ. ಆಮೇಲೆ ಬಾಗಿಲು ಹಾಕಿಕೊಂಡು ಅತ್ತೆ. ಎರಡೂ ನಿಜ.

ತೊಂದರೆಯಾಗುತ್ತದೆಯೇ ಎಂದು ಕೇಳಿದೆ. ಎಂಟು ವರ್ಷ ಕಟ್ಟಿದ ಲೆಕ್ಕ ಅಣ್ಣ. ಜನ ನನ್ನ ಹೆಸರು ಕೇಳಿದ್ದೇ ಆ ಲೆಕ್ಕದಿಂದ. ಅಕ್ಟೋಬರಿನಲ್ಲಿ ಇಲ್ಲಿ ದೊಡ್ಡ ಸಭೆಯಿದೆ. ಕಾಡಿನ ಮಾಲೀಕರು, ಪತ್ರಿಕೆಯವರು, ಹೊರದೇಶದ ತಜ್ಞರು ಎಲ್ಲ ಬರುತ್ತಾರೆ. ನಾನು ಮಾತಾಡಬೇಕು. ಸ್ನೇಹಿತರೊಬ್ಬರು, "ನಾಲ್ಕೇ ಮರ, ಒಂದೇ ಚಳಿಗಾಲ. ಇದನ್ನ ಈಗಲೇ ಯಾಕೆ ಎತ್ತುತ್ತೀಯ? ಮತ್ತೊಮ್ಮೆ ಮಾಡಿದ ಮೇಲೆ ನೋಡೋಣ" ಅಂದರು. ಅದು ಅನ್ಯಾಯದ ಮಾತೂ ಅಲ್ಲ. ಹೀಟರ್ ನಡುವೆ ಕೆಟ್ಟಿತ್ತು ಎಂದು ಒಂದು ಸಾಲು ಬರೆದರೆ ಯಾರೂ ತಿರುಗಿ ಕೇಳುವುದಿಲ್ಲ. ಆ ಸಾಲನ್ನು ನಾನು ಮನಸ್ಸಿನಲ್ಲಿ ಬರೆದೂ ನೋಡಿದೆ. ಚೆನ್ನಾಗಿಯೇ ಇತ್ತು.

ಮರಗಳು ಯಾಕೆ ತಾಳಿದವೆಂದು ನನಗೆ ಇನ್ನೂ ತಿಳಿದಿಲ್ಲ. ಹಗಲು ಎಷ್ಟು ಉದ್ದವೆಂದು ಅವಕ್ಕೆ ಗೊತ್ತಾಗುತ್ತದೋ ಏನೋ. ಬೆಚ್ಚಗಾದ ಮಾತ್ರಕ್ಕೆ ಪೂರ್ತಿ ನಂಬುವುದಿಲ್ಲವೋ ಏನೋ.

ಅಮ್ಮನಿಗೆ ಇದನ್ನು ಓದಿ ಹೇಳಬೇಡ.

ಐಲಾ


ಕೊರ್ಪಿವಾರಾ, ಮಧ್ಯಬೇಸಿಗೆಯ ಹಬ್ಬದ ಮರುದಿನ, ೧೯೯೧

ಮಗಳೇ ಐಲಾ,

ಓದಿ ಹೇಳಬೇಡ ಅಂದಿದ್ದೆಯಂತೆ, ತೌನೋ ಓದಿ ಹೇಳಲಿಲ್ಲ. ಕಾಗದ ಮೇಜಿನ ಮೇಲೆ ಬಿಟ್ಟು ಹೊಲಕ್ಕೆ ಹೋದ. ನನಗೆ ಕಣ್ಣಿದೆ.

ಮರ ಸಾಯಲಿಲ್ಲ ಅಂತ ಮುಖ ಸಣ್ಣ ಮಾಡ್ಕೊಂಡಿದೀಯ. ಇಂಥ ಸಂಕಟ ನಮ್ಮ ವಂಶದಲ್ಲಿ ಯಾರಿಗೂ ಬಂದಿರಲಿಲ್ಲ ಬಿಡು.

ನಾವು ಈ ಊರಿಗೆ ಬಂದಾಗ ಇಲ್ಲಿನೋರು ನಮ್ಮ ಬಗ್ಗೆಯೂ ಒಂದು ಲೆಕ್ಕ ಹಾಕಿದ್ರು. ಈ ಗಡಿ ಕಡೆಯೋರು ಬರೀ ಹಾಡ್ತಾರೆ, ಹರಟೆ ಹೊಡೀತಾರೆ, ಈ ಕಲ್ಲಲ್ಲಿ ಎರಡು ಚಳಿಗಾಲ ತಡೆಯಲ್ಲ, ಓಡಿಹೋಗ್ತಾರೆ ಅಂತ. ಪೆಕ್ಕರಿನೆನ್‌ನ ಅಪ್ಪ ಅಂಗಡಿಯಲ್ಲಿ ಎಲ್ಲರೆದುರು ಅಂದಿದ್ದ. ನಾನು ಬ್ರೆಡ್ಡಿನ ಸಾಲಲ್ಲಿ ನಿಂತಿದ್ದೆ. ಮಾತಿನ ಮಲ್ಲಿ ನಾನು, ಅವತ್ತು ಬಾಯಿ ಬರಲಿಲ್ಲ.

ಎಷ್ಟೋ ವರ್ಷ ಆದ್ಮೇಲೆ, ನಿಮ್ಮಪ್ಪ ಹೊಲದ ಕಲ್ಲೆಲ್ಲ ಎತ್ತಿ ಓಟ್ಸ್ ಬೆಳೆದ ಮೇಲೆ, ಆ ಮನುಷ್ಯ ಅದೇ ಅಂಗಡಿಯಲ್ಲಿ ಅದೇ ಜನದ ಮುಂದೆ ನನ್ನ ಹತ್ತಿರ ಬಂದ. "ಸಂತ್ರಾ, ನಾನು ತಪ್ಪು ತಿಳ್ಕೊಂಡಿದ್ದೆ" ಅಂದ. ಮೂಲೆಗೆ ಕರೆದು ಹೇಳಬಹುದಿತ್ತು. ಎಲ್ಲಿ ಅಂದಿದ್ನೋ ಅಲ್ಲೇ ಹೇಳಿದ. ಅವತ್ತು ನಾನು ಈ ಊರಲ್ಲಿ ಮೊದಲ ಸಲ ತಲೆಯೆತ್ತಿ ನಡೆದೆ. ಅವನೇನೂ ಚಿಕ್ಕೋನಾಗಲಿಲ್ಲ. ಅವನು ಸತ್ತಾಗ ಮೊದಲು ಅತ್ತೋಳು ನಾನು.

ನೀನು ಎಲ್ಲಿ ಅಂದಿದ್ದೀಯೋ ನಿನಗೇ ಗೊತ್ತು. ಇಷ್ಟೇ. ಸೌತೆಕಾಯಿ ಚೆನ್ನಾಗಿ ಬಂದಿದೆ.

ನಿನ್ನ ಅಮ್ಮ


ಕೊರ್ಪಿವಾರಾ, ೧೩ ಅಕ್ಟೋಬರ್ ೧೯೯೧

ಪ್ರೀತಿಯ ಐಲಾ,

ಸಭೆ ಮುಗಿದ ಮೇಲೆ ನಿನ್ನ ಸುತ್ತ ಜನ. ನಾನು ಕೈಕುಲುಕಿ "ಹೂಂ" ಅಂದೆ, ನೀನೂ "ಹೂಂ" ಅಂದೆ. ಹೇಳಬೇಕಾಗಿದ್ದು ಬೇರೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ವೇದಿಕೆಯ ಮೇಲಿದ್ದ ನಿನಗೆ ಸಭಾಂಗಣದೊಳಗಿನದು ಕಂಡಿರಲಿಕ್ಕಿಲ್ಲ. ನಾವು ಹಿಂದಿನ ಸಾಲಿನಲ್ಲಿದ್ದೆವು. ಪೆಕ್ಕರಿನೆನ್ ಬೇರೆ ಕಾರಿನಲ್ಲಿ ಬಂದು ಮುಂದೆ ಕೂತಿದ್ದ. ಅಮ್ಮ ಚರ್ಚಿನ ಬಟ್ಟೆ ಹಾಕಿದ್ದಳು. ನೀನು ಹಳೆಯ ಲೆಕ್ಕದ ಚಿತ್ರ ತೋರಿಸಿದಾಗ ಪತ್ರಿಕೆಯವರೆಲ್ಲ ಬಗ್ಗಿ ಬರೆದುಕೊಳ್ಳುತ್ತಿದ್ದರು. ಆಮೇಲೆ ನೀನು ಕನ್ನಡಕ ತೆಗೆದು, "ಇದನ್ನ ಕಟ್ಟಿದೋಳು ನಾನು. ಇದು ತಪ್ಪು. ಮರಗಳನ್ನ ಕೇಳಿದೆ, ಅವು ಬೇರೆ ಹೇಳಿದವು" ಅಂದೆ. ಪೆನ್ನುಗಳೆಲ್ಲ ನಿಂತುಬಿಟ್ಟವು. ನನ್ನ ಪಕ್ಕದ ಅಪರಿಚಿತ, "ಇವಳಿಗೆ ಧೈರ್ಯ ಇದೆ" ಅಂದ. ನಾನು ಅವನ ಕಡೆ ತಿರುಗಿ, ಗಟ್ಟಿಯಾಗಿಯೇ, "ನನ್ನ ತಂಗಿ" ಅಂದೆ. ಮುಂದಿನ ಸಾಲಿನವರು ತಿರುಗಿ ನೋಡಿದರು. ನೋಡಲಿ.

ಎಲ್ಲ ಚೆನ್ನಾಗಿದೆಯೆಂದು ನೀನು ಹೇಳಲಿಲ್ಲ, ಅದೂ ನನಗೆ ಇಷ್ಟವಾಯಿತು. ಮೊಗ್ಗು ಒಂದು ತಿಂಗಳು ಮೊದಲೇ ಎದ್ದದ್ದು ನಿಜ, ಒಂದು ಮರದ ತುದಿ ಹೋದದ್ದು ನಿಜ, ಬೆಚ್ಚಗಾಗುತ್ತಲೇ ಹೋದರೆ ಎಷ್ಟು ದಿನ ತಾಳುತ್ತವೋ ಗೊತ್ತಿಲ್ಲ ಅಂದೆ. ಆಗ ಪೆಕ್ಕರಿನೆನ್ ಎದ್ದು ನಿಂತ. "ಹಾಗಿದ್ರೆ ಮೇಡಂ, ನನ್ನ ತೋಪು ಕಡೀಲೋ ಬೇಡ್ವೋ?" ಅಂದ. ಚಿಕ್ಕಂದಿನಿಂದ ನಿನ್ನನ್ನು ಏ ಹುಡುಗಿ ಅನ್ನುತ್ತಿದ್ದವನು! "ಕಡೀಬೇಡಿ. ಆದ್ರೆ ಪ್ರತಿ ವಸಂತ ಮೊಗ್ಗು ಸೀಳಿ ನೋಡಿ, ನನಗೆ ಹೇಳಿ. ನಾಲ್ಕು ಮರ ಸಾಲಲ್ಲ ನನಗೆ" ಅಂದೆ ನೀನು. ಆಗ ಸಭೆಯಲ್ಲಿ ಒಂದೊಂದಾಗಿ ಕೈ ಎದ್ದವಲ್ಲ, ನಮ್ಮ ಮರ ತಗೊಳ್ಳಿ, ನಮ್ಮಲ್ಲಿಗೂ ಬನ್ನಿ ಅಂತ. ಅಮ್ಮ ಅವನ್ನು ಎಣಿಸಲು ಹೋಗಿ ಕಣ್ಣು ಮಂಜಾಗಿ ಬಿಟ್ಟುಬಿಟ್ಟಳು.

ವಾಪಸು ಬರುವಾಗ ಅಮ್ಮ ಕಾರಿನಲ್ಲಿ ಒಂದು ಮಾತೂ ಆಡಲಿಲ್ಲ. ಅರ್ಧ ದಾರಿ ಬಂದರೂ ಇಲ್ಲ. ಹೆಲ್ವಿಗೆ ಗಾಬರಿಯಾಗಿ ಮೈ ಮುಟ್ಟಿ ನೋಡಿದಳು. ಪೆಟ್ರೋಲಿಗೆಂದು ನಿಲ್ಲಿಸಿದಾಗ ಅಮ್ಮ ಇಳಿದು, ಪಕ್ಕದಲ್ಲಿ ಲಾರಿಗೆ ಎಣ್ಣೆ ಹಾಕುತ್ತಿದ್ದ ಗುರುತಿಲ್ಲದ ಡ್ರೈವರಿನ ಹತ್ತಿರ ನೆಟ್ಟಗೆ ಹೋದಳು.

"ಇವತ್ತು ನನ್ನ ಮಗಳು ಸಭೆ ತುಂಬ ಜನದ ಮುಂದೆ 'ನನ್ನ ಲೆಕ್ಕ ತಪ್ಪು' ಅಂದ್ಲು!"

ಅವನು ಪಾಪ, "ಅಯ್ಯೋ, ಹೋಗ್ಲಿ ಬಿಡಿ ಅಜ್ಜಿ" ಅಂದ.

"ಹೋಗ್ಲಿ ಬಿಡಿ ಅಂದ್ರೇನು? ನಿನಗೆ ಮಕ್ಳಿದಾರಾ?"

"ಮೂವರು."

"ಒಬ್ರಾದ್ರೂ ಹಾಗೆ ಅಂದಿದಾರಾ?"

ಅವನು ಪೈಪು ಹಿಡಿದುಕೊಂಡೇ ಯೋಚಿಸಿದ. "ಇಲ್ಲ" ಅಂದ.

"ಮತ್ತೆ!" ಅಂದು ಅಮ್ಮ ಕಾರು ಹತ್ತಿ ಬಾಗಿಲು ಹಾಕಿಕೊಂಡಳು.

ಹೆದ್ದಾರಿಗೆ ಬಂದ ಮೇಲೆ ನಾನು ಹಾರ್ನ್ ಒತ್ತಿದೆ. ಮುಂದೆ ಯಾವ ಗಾಡಿಯೂ ಇರಲಿಲ್ಲ. ಇನ್ನೊಂದು ಸಲ ಒತ್ತಿದೆ, ಉದ್ದಕ್ಕೆ. ಹೆಲ್ವಿ ಯಾಕೆಂದು ಕೇಳಲಿಲ್ಲ.

ನಿನ್ನ ಅಣ್ಣ,
ತೌನೋ